ಬಾರದ ಮಳೆಯ ಹೆಸರು

ಈಗಿನವರು ಮೂರು ಸಾಲು ಗೀಚಿ ಹೈಕು ಎನ್ನುತ್ತಾರೆ. ಗೀಚಲಿ, ನನ್ನ ಗಂಟೇನು ಹೋಯಿತು. ಆದರೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ: ಯಲಹಂಕದಿಂದ ಯಶವಂತಪುರದ ತನಕ ಹೈಕು ಎಂಬ ಪದವನ್ನು ಮೊದಲು ಬಾಯಲ್ಲಿಟ್ಟುಕೊಂಡು ಸೈಕಲ್ ತುಳಿದವನು ನಾನು. ನಂಬದವರು ಹೆಬ್ಬಾಳದ ಕೆರೆ ಏರಿಯನ್ನು ಕೇಳಬಹುದು. ಅದು ಈಗ ಮೇಲ್ಸೇತುವೆಯ ಗದ್ದಲದಲ್ಲಿ ಮಾತಾಡುವ ಸ್ಥಿತಿಯಲ್ಲಿಲ್ಲ. ಹಾಗಾಗಿ ನಾನು ಹೇಳಿದ್ದೇ ಕೊನೆ.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮೂರು ಅಮೃತಹಳ್ಳಿ ಆಗ ಊರೇ ಆಗಿತ್ತು. ಸುತ್ತ ರಾಗಿ ಹೊಲ, ಅಲ್ಲಲ್ಲಿ ದ್ರಾಕ್ಷಿ ಚಪ್ಪರ. ಈಗ ಸಹಕಾರನಗರದವರು ನಾಯಿ ಹಿಡಿದುಕೊಂಡು ವಾಕಿಂಗ್ ಮಾಡುವ ಜಾಗದಲ್ಲಿ ಹುರುಳಿ ಬೆಳೆಯುತ್ತಿತ್ತು. ನಾನು ಯಶವಂತಪುರದಾಚೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ದಿನಾ ಬೆಳಿಗ್ಗೆ ಹೆಬ್ಬಾಳದ ಮೇಲೆ ಹಾದು ಸೈಕಲ್ಲಿನಲ್ಲಿ ಹೋಗುವುದು, ಸಂಜೆ ಅದೇ ದಾರಿಯಲ್ಲಿ ಬರುವುದು. ಮೈಯಲ್ಲಿ ರಕ್ತದ ಬದಲು ಇರುವೆ ಹರಿಯುತ್ತಿದ್ದ ವಯಸ್ಸು. ಕೂತರೆ ನಿಲ್ಲಬೇಕು, ನಿಂತರೆ ಹೋಗಬೇಕು, ಹೋದರೆ ಅಲ್ಲೇನೋ ಒಂದು ಕಿತಾಪತಿ ಮಾಡಬೇಕು. ನಮ್ಮಪ್ಪ ನನ್ನನ್ನು ಅಂಡು ಸುಟ್ಟ ಬೆಕ್ಕು ಎಂದೇ ಕರೆಯುತ್ತಿದ್ದ. ನಮ್ಮ ಸೆಕ್ಷನ್ನಿನ ಮೇಲ್ವಿಚಾರಕರು, ಚಾರ್ಜ್‌ಮನ್, ಕರೆಯುತ್ತಿದ್ದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅವರ ಟಿಫಿನ್ ಕ್ಯಾರಿಯರಿನ ತಳದ ಡಬ್ಬಿಯಲ್ಲಿ ಅನ್ನದ ಜಾಗಕ್ಕೆ ನಟ್ಟು ಬೋಲ್ಟು ತುಂಬಿದ್ದವನ ಮೇಲೆ ಅವರಿಗೆ ಪ್ರೀತಿ ಇರಲು ಸಾಧ್ಯವೂ ಇರಲಿಲ್ಲ.

ಆಗ ಬಂದವರು ಜಪಾನಿನ ಮೇಷ್ಟ್ರು. ಗೇರ್ ಕೂರಿಸುವ ಕೆಲಸ ಕಲಿಸಲೆಂದು ಕಾರ್ಖಾನೆ ಅವರನ್ನು ಕರೆಸಿತ್ತು. ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಯಶವಂತಪುರ ಸ್ಟೇಷನ್ನಿನ ಹತ್ತಿರ ಒಂದು ತಾರಸಿ ಮನೆ ಕೊಟ್ಟಿದ್ದರು. ಎಂಥ ಬಿಸಿಲಿರಲಿ, ಚಳಿಯಿರಲಿ, ಕೈಯಲ್ಲಿ ಕಪ್ಪು ಕೊಡೆ. ಅವರ ಜೊತೆಗೆ ಓಡಾಡಲು ಒಬ್ಬ ಬೇಕಾಗಿ ನನ್ನನ್ನು ಆರಿಸಿದರು. ಇಡೀ ಕಾರ್ಖಾನೆಯಲ್ಲಿ ನನಗಿಂತ ಚುರುಕು ಬುದ್ಧಿಯವನು ಸಿಗಲಿಲ್ಲ, ಅದಕ್ಕೆ. ಸೆಕ್ಷನ್ನಿನಿಂದ ನನ್ನನ್ನು ಎತ್ತಂಗಡಿ ಮಾಡಲು ಚಾರ್ಜ್‌ಮನ್ ಹೂಡಿದ ಉಪಾಯ ಅದು ಎನ್ನುವವರೂ ಇದ್ದರು. ಹೊಟ್ಟೆಕಿಚ್ಚಿನವರು ಯಾವ ಕಾಲದಲ್ಲಿ ಇಲ್ಲ?

ಮೇಷ್ಟ್ರ ಮಾತು ಅರ್ಧ ಇಂಗ್ಲಿಷು, ಕಾಲು ಭಾಗ ನಮ್ಮ ಹುಡುಗರಿಂದ ಕಲಿತ ಕನ್ನಡ, ಉಳಿದದ್ದು ಕೈಸನ್ನೆ. ನನ್ನ ಹೆಸರು ಅವರ ನಾಲಿಗೆಗೆ ಹೊರಳಲಿಲ್ಲ. ಆಗ ನನಗೆ ಎರಡು ಕಡೆ ಚೂಪಾಗಿ ಹುರಿಮಾಡಿದ ಮೀಸೆ ಇತ್ತು. ಹೆಬ್ಬಾಳದಲ್ಲಿ ಅದನ್ನು ನೋಡಿ ಎತ್ತಿನಗಾಡಿಗಳು ದಾರಿ ಬಿಡುತ್ತಿದ್ದವು. ಅದರ ಕನ್ನಡ ಪದ ಕೇಳಿ ತಿಳಿದುಕೊಂಡು ಮೇಷ್ಟ್ರು ನನ್ನನ್ನು "ಮೀಸೆ-ಸಾನ್" ಎಂದು ಕರೆಯತೊಡಗಿದರು. ಅವರಲ್ಲಿ ಸಾನ್ ಎಂದರೆ ನಮ್ಮ 'ಅವರೇ' ಇದ್ದ ಹಾಗೆ. ನನ್ನ ಮೀಸೆಗೆ ಬಹುವಚನ ಕೊಟ್ಟ ಮೊದಲ ಮನುಷ್ಯ ಅವರು.

ಮಧ್ಯಾಹ್ನ ಊಟವಾದ ಮೇಲೆ ಹೊಂಗೆ ಮರದ ಕೆಳಗೆ ಕೂತು ಅವರು ಏನೋ ಗೊಣಗುತ್ತ ಒಂದೊಂದೇ ಬೆರಳು ಒಳಕ್ಕೆ ಮಡಚುತ್ತಿದ್ದರು. ಮಡಚುವುದು, ಬಿಚ್ಚುವುದು, ತಲೆ ಅಲ್ಲಾಡಿಸುವುದು. ಸಂಬಳದ ಲೆಕ್ಕ ಇರಬೇಕು ಎಂದುಕೊಂಡಿದ್ದೆ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ಏನ್ ಸಾರ್ ಅದು, ದಿನಾ ಎಣಿಸ್ತೀರಲ್ಲ?"

"ಪದ್ಯ," ಅಂದರು. "ಐದು, ಏಳು, ಐದು. ಮುಗೀತು."

"ಬರೀ ಹದಿನೇಳಾ? ನಮ್ಮೂರಲ್ಲಿ ಹದಿನೇಳಕ್ಷರದಲ್ಲಿ ದನ ಕೂಡ ಕರೆಯೋಕಾಗಲ್ಲ ಸಾರ್."

ಆ ದಿನ ಅವರು ನನಗೆ ಹೈಕು ಹೇಳಿಕೊಟ್ಟರು. ಸ್ಕೂಲಿನಲ್ಲಿ ಲಘು ಗುರು ಗುರುತು ಹಾಕಿ ಕನ್ನಡ ಪಂಡಿತರ ಏಟು ತಿಂದಿದ್ದ ನನಗೆ ಇದು ಮಕ್ಕಳಾಟ ಎನಿಸಿತು. ಅವರು ಬೆರಳು ಮಡಚಿದರೆ, ನಾನು ನಮ್ಮವರ ರೀತಿ ಬೆರಳಿನ ಗೆರೆಗಳ ಮೇಲೆ ಹೆಬ್ಬೆರಳು ಓಡಿಸಿ ಎಣಿಸಿದೆ. ಟೀ ಆರುವಷ್ಟರಲ್ಲಿ ನನ್ನ ಮೊದಲ ಹೈಕು ತಯಾರಾಗಿತ್ತು:

ನಮ್ಮೂರ ಸೂರ್ಯ
ನನ್ನ ಮೀಸೆಯ ಕಂಡು
ನಾಚಿ ಮುಳುಗ್ದ

ಕ್ಯಾಂಟೀನಿನಲ್ಲಿ ಎದ್ದು ನಿಂತು ಓದಿದೆ. ಚಾರ್ಜ್‌ಮನ್ ಸ್ವತಃ ಕವಿ. ಕಾರ್ಖಾನೆಯಲ್ಲಿ ಯಾರೇ ರಿಟೈರ್ ಆದರೂ ಅವರ ಮೇಲೆ ಷಟ್ಪದಿಯಲ್ಲಿ ನಲವತ್ತು ಪದ್ಯ ಕಟ್ಟಿ ರಾಗವಾಗಿ ಹಾಡುತ್ತಿದ್ದರು. ನಿವೃತ್ತಿಯ ದುಃಖ ಆ ಹಾಡು ಮುಗಿದ ಸಂತೋಷದಲ್ಲಿ ಮರೆತುಹೋಗುತ್ತಿತ್ತು. ಅವರು ಬೋಂಡಾ ಕೈಯಲ್ಲಿ ಹಿಡಿದು ಕಾದರು.

"ಹೂಂ, ಮುಂದೆ?"

"ಮುಂದೇನಿಲ್ಲ ಅಣ್ಣಾ, ಮುಗೀತು."

"ಮುಗೀತಾ? ಲೇ ಗುರು, ಮದುವೆ ಮನೇಲಿ ಉಪ್ಪು ಬಡಿಸಿ ಎಲೆ ಎತ್ತಿಬಿಟ್ಯಲ್ಲೋ!"

ಇಡೀ ಕ್ಯಾಂಟೀನು ನಕ್ಕಿತು. ನಾನು ಮೇಷ್ಟ್ರ ಕಡೆ ನೋಡಿದೆ. ಪದ್ಯದ ಅರ್ಥ ಹೇಳಿಸಿಕೊಂಡು ಅವರೂ ನಕ್ಕರು. ಆಮೇಲೆ ಮೆಲ್ಲಗೆ, "ಮೀಸೆ-ಸಾನ್, ಎಣಿಕೆ ಸರಿ ಇದೆ. ಆದರೆ ಪದ್ಯದ ತುಂಬ ನೀನೇ ಕೂತಿದೀಯ. ಸೂರ್ಯನಿಗೆ ಜಾಗ ಇಲ್ಲ" ಎಂದರು.

ಇನ್ನೊಂದು ದಿನ ಗೇರ್ ಕೂರಿಸುತ್ತಿರುವಾಗ ಮತ್ತೆ ಅದೇ ಮಾತು ಬಂತು. ಎರಡು ಚಕ್ರದ ಹಲ್ಲುಗಳನ್ನು ಒಂದಕ್ಕೊಂದು ಒತ್ತಿ ಬಿಗಿಯಾಗಿ ಕೂರಿಸಿದ್ದೆ. ನನ್ನ ಬಿಗಿತನದ ಬಗ್ಗೆ ನನಗೇ ಹೆಮ್ಮೆ. ಅವರು ಕೈಯಿಂದ ತಿರುಗಿಸಲು ಹೋದರು, ಅದು ಅಲ್ಲಾಡಲಿಲ್ಲ. "ನಡುವೆ ಕೂದಲಷ್ಟು ಜಾಗ ಬಿಡು. ಬಿಡದಿದ್ದರೆ ಸುಟ್ಟುಹೋಗುತ್ತೆ. ಪದ್ಯವೂ ಹಾಗೇ. ಒಂದು ವಸ್ತು ಇಡು. ಕತ್ತರಿಸು. ಇನ್ನೊಂದು ಇಡು. ನಡುವೆ ಓದುವವನು ತಿರುಗಲಿ." ಕವಿತೆಯ ಬಗ್ಗೆ ಆಮೇಲೆ ದಪ್ಪ ದಪ್ಪ ಭಾಷಣ ಕೇಳಿದ್ದೇನೆ. ಗ್ರೀಸ್ ಮೆತ್ತಿದ ಬೆರಳಿನಿಂದ ತೋರಿಸಿದ ಆ ಕೂದಲೆಳೆಯ ಜಾಗವನ್ನು ಯಾವ ಭಾಷಣಕಾರನೂ ತೋರಿಸಿಲ್ಲ.

ಇಷ್ಟೆಲ್ಲ ಹೇಳಿಕೊಡುವ ಮನುಷ್ಯ ಸ್ವತಃ ಒಂದು ಪದ್ಯವನ್ನೂ ಬರೆದಿರಲಿಲ್ಲ. ನಮ್ಮಲ್ಲಿಗೆ ಬಂದಾಗಿನಿಂದ ಒಂದೇ ಒಂದನ್ನೂ. ಬೆರಳು ಮಡಚುವುದು, ಬಿಚ್ಚುವುದು, ಅಷ್ಟೇ. ಬೇಸಿಗೆ ಬರುವ ಹೊತ್ತಿಗೆ ಅವರಿಗೆ ನನಗಿಂತ ಹೆಚ್ಚು ಚಡಪಡಿಕೆ. ಊಟ ಅರ್ಧಕ್ಕೆ ಬಿಡುವರು. ಕೆಲಸದ ನಡುವೆ ಎದ್ದು ಕಾಂಪೌಂಡಿನ ತನಕ ಹೋಗಿ ಆಕಾಶ ನೋಡಿ ಬರುವರು. ನಾವು ಮಾಡಿದ ಗೇರುಗಳನ್ನು ಒಂದಾದ ಮೇಲೊಂದು ರಿಜೆಕ್ಟ್ ಡಬ್ಬಿಗೆ ಎಸೆಯುವರು. ಚಾರ್ಜ್‌ಮನ್ ತಲೆಯ ಮೇಲೆ ಕೈಹೊತ್ತು ಕೂತರು.

ಒಂದು ಭಾನುವಾರ ಅವರನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೆಬ್ಬಾಳದ ಏರಿಗೆ ಹೋದೆ. ಅಲ್ಲಿ ನಿಜ ಹೊರಬಿತ್ತು.

ಅವರ ಊರಿನಲ್ಲಿ ಒಂದು ಹೈಕು ಕೂಟ. ಒಬ್ಬ ಮುದಿ ಗುರು, ಸುತ್ತ ಕೆಲವೇ ಮಂದಿ. ಕೂಟದಲ್ಲಿ ಜಾಗ ತೆರವಾಗುವುದೇ ಅಪರೂಪ. ಮೇಷ್ಟ್ರು ಕೂರುತ್ತಿದ್ದದ್ದು ಅವರ ತಂದೆ ಕೂರುತ್ತಿದ್ದ ಜಾಗದಲ್ಲಿ, ಕಿಟಕಿಯ ಪಕ್ಕ. ಊರು ಬಿಟ್ಟು ದೂರ ಹೋದವರು ಟಪಾಲಿನಲ್ಲಿ ಪದ್ಯ ಕಳಿಸಬಹುದು. ಆದರೆ ಇಡೀ ವರ್ಷ ಒಂದೂ ಕಳಿಸದವನ ಜಾಗ ಇನ್ನೊಬ್ಬನಿಗೆ ಹೋಗುತ್ತದೆ. ಜೂನ್ ನಡುವಿಗೆ ಅವರ ವರ್ಷ ತುಂಬುತ್ತಿತ್ತು.

"ಅಷ್ಟೇ ತಾನೇ? ಬರೆದು ಬಿಸಾಕಿ ಸಾರ್. ನಾನೇ ಹತ್ತು ಬರ್ಕೊಡ್ತೀನಿ, ನಿಮ್ಮ ಹೆಸರು ಹಾಕಿ ಕಳ್ಸಿ. ಆ ಮುದುಕಪ್ಪನಿಗೆ ಏನ್ ಗೊತ್ತಾಗುತ್ತೆ?"

"ಮೊದಲ ಸಾಲಿಗೇ ಗೊತ್ತಾಗುತ್ತೆ. ಮೀಸೆ ಕಾಣುತ್ತೆ," ಅಂದರು. ಅಂದವರು ನಗಲಿಲ್ಲ.

ತೊಂದರೆ ಏನೆಂದರೆ, ಅವರ ಪದ್ಯದಲ್ಲಿ ಋತು ಇರಲೇಬೇಕು. ಚೈತ್ರವೋ ಮಾಗಿಯೋ ಅಂತ ಹೆಸರು ಹೇಳಬೇಕಾಗಿಲ್ಲ. ಅದನ್ನು ತೋರಿಸುವ ಒಂದು ಪದ ಸಾಕು. ಅದಕ್ಕೆಂದೇ ಅವರ ಜೇಬಿನಲ್ಲಿ ಒಂದು ಪುಟ್ಟ ಪುಸ್ತಕ. ಯಾವ ಹೂವು ಯಾವ ಋತುವಿನದು, ಯಾವ ಹುಳ, ಯಾವ ತರಕಾರಿ, ಎಲ್ಲ ಅಲ್ಲಿ ಗೊತ್ತುಮಾಡಿಟ್ಟಿದೆ. ನಮ್ಮ ಸೀಮೆಗೆ ಬಂದು ಆ ಪುಸ್ತಕಕ್ಕೆ ತಲೆ ಕೆಟ್ಟುಹೋಗಿತ್ತು. ಅವರಲ್ಲಿ ದ್ರಾಕ್ಷಿ ಶರತ್ಕಾಲದ್ದು, ನಮ್ಮ ಚಪ್ಪರದಲ್ಲಿ ಅದು ಬೇಸಿಗೆ ಶುರುವಾಗುತ್ತಲೇ ಹಣ್ಣು. ಅವರಲ್ಲಿ ಎಲೆ ಉದುರಿ ಎಷ್ಟೋ ಕಾಲದ ಮೇಲೆ ಚಿಗುರು, ನಮ್ಮ ಹೊಂಗೆ ಮರ ಒಂದೇ ವಾರದಲ್ಲಿ ಎರಡೂ ಮುಗಿಸಿ ನೆರಳು ಕೊಟ್ಟು ನಿಲ್ಲುತ್ತದೆ. ವರ್ಷವಿಡೀ ಏನಾದರೊಂದು ಹೂ ಬಿಟ್ಟೇ ಇರುತ್ತದೆ. "ಇಲ್ಲಿ ಕಾಲ ನಡೆಯುತ್ತೆ. ಹೆಜ್ಜೆ ಕೇಳೋದಿಲ್ಲ," ಎಂದರು ಮೇಷ್ಟ್ರು.

"ನಿಮ್ಮೂರಿನ ಹಿಮ ನೆನೆಸ್ಕೊಂಡು ಬರೀರಿ."

"ಇಲ್ಲಿ ಬೆವರುತ್ತಾ ಹಿಮ ಬರೆದರೆ ಅದು ಸುಳ್ಳು."

ನನಗೆ ರೋಷ ಬಂತು. ನಮ್ಮೂರಿಗೆ ಋತು ಇಲ್ಲ ಎಂದರೆ ಏನರ್ಥ? ಏರಿಯ ಮೇಲೆ ಆ ಕಡೆ ಈ ಕಡೆ ಓಡಾಡಿದೆ, ಎರಡು ಕಲ್ಲು ನೀರಿಗೆ ಎಸೆದೆ. ಮೀಸೆ ತಿರುವಿ ಹೇಳಿದೆ: "ಸಾರ್, ನಿಮ್ಮಲ್ಲಿ ನಾಲ್ಕೇ ಋತು. ನಮ್ಮಲ್ಲಿ ಬರೀ ಮಳೆಗೇ ಒಂದೊಂದು ನಕ್ಷತ್ರದ ಹೆಸರಿದೆ. ಹದಿನೈದು ದಿನಕ್ಕೊಂದು ಹೊಸ ಮಳೆ. ನಿಮ್ ಪುಸ್ತಕದಲ್ಲಿ ಇದ್ಯಾ?"

ಅವರು ತಟ್ಟನೆ ಎದ್ದು ನಿಂತರು. ಅಷ್ಟು ಬೇಗ ಎದ್ದದ್ದನ್ನು ನಾನು ನೋಡಿರಲಿಲ್ಲ. "ಯಾರಿಗೆ ಗೊತ್ತು? ಈಗಲೇ ಹೋಗೋಣ."

ಅಮೃತಹಳ್ಳಿಯಲ್ಲಿ ನಮ್ಮಪ್ಪ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಜಪಾನಿನವರು ಮನೆಗೆ ಬಂದರೆಂದು ಅವನೇನೂ ಗಾಬರಿಯಾಗಲಿಲ್ಲ. "ಕುಂತ್ಕಳಿ ಸ್ವಾಮಿ, ಮಜ್ಜಿಗೆ ಕುಡೀರಿ" ಎಂದ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ ಎಂದು ಶುರುಮಾಡಿ ಹಗ್ಗ ಹೊಸೆಯುತ್ತಲೇ ಸ್ವಾತಿ ವಿಶಾಖದ ತನಕ ಹೇಳಿಬಿಟ್ಟ. "ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ" ಎಂಬ ಗಾದೆಯನ್ನೂ ಸೇರಿಸಿದ. ನಮ್ಮ ಕಡೆ ಇದೇನು ದೊಡ್ಡ ವಿದ್ಯೆಯಲ್ಲ, ಎಮ್ಮೆ ಕಾಯುವ ಹೈದನಿಗೂ ಬರುತ್ತದೆ. ಆದರೆ ಮೇಷ್ಟ್ರ ಕಣ್ಣು ನೋಡಬೇಕಿತ್ತು. ಒಂದೊಂದು ಹೆಸರನ್ನೂ ಎರಡೆರಡು ಸಲ ಹೇಳಿಸಿಕೊಂಡು, ತಾವೂ ಹೇಳಿ, ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ತಮ್ಮ ಲಿಪಿಯಲ್ಲಿ ಇಳಿಸಿಕೊಂಡರು. 'ರೋಹಿಣಿ' ಎನ್ನುವುದು ಅವರಿಗೆ ಬಹಳ ಹಿಡಿಸಿತು. ಕೃತ್ತಿಕೆ ಮುಗಿಯುತ್ತ ಬಂದಿತ್ತು, ರೋಹಿಣಿ ಶುರುವಾಗುವುದರಲ್ಲಿತ್ತು. ಜೂನಿನ ಗಡುವಿಗೆ ಸರಿಯಾಗಿ ಹೊಂದುವ ಮಳೆ.

"ಯಾವ ದಿನ?" ಎಂದು ಕೇಳಿದರು. ಅಪ್ಪ ದಿನ ಹೇಳಿದ.

ಆ ದಿನ ಬೆಳಿಗ್ಗೆ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊಡೆ ಬಿಚ್ಚಿ, ಮನೆಯ ಮುಂದೆ ನಿಂತಿದ್ದರು. ನಾನು ಸೈಕಲ್ ಇಳಿದಾಗ ಸೂರ್ಯ ಅವರ ತಲೆಯ ಮೇಲೆ ನಿಗಿನಿಗಿ ಎನ್ನುತ್ತಿದ್ದ.

"ಮೀಸೆ-ಸಾನ್, ಮಳೆ ಎಲ್ಲಿ?"

"ಬರುತ್ತೆ ಸಾರ್. ಬಟ್ಟೆಗಿಟ್ಟೆ ಹಾಕ್ಕೊಂಡು ಹೊರಡ್ಬೇಕಲ್ಲ, ಅದೂ ಹೆಂಗಸು."

ಮಾರನೆಯ ದಿನವೂ ಬರಲಿಲ್ಲ. ಅದರ ಮಾರನೆಯ ದಿನವೂ. ಮೋಡ ಯಲಹಂಕದ ಕಡೆ ಒಟ್ಟುಗೂಡಿ ನಮ್ಮನ್ನು ನೋಡಿ ಎತ್ತಲೋ ಹೊರಟುಹೋಗುತ್ತಿತ್ತು. ಗೇರುಗಳು ಮತ್ತೆ ರಿಜೆಕ್ಟ್ ಡಬ್ಬಿಗೆ ಬೀಳತೊಡಗಿದವು. ನನಗೂ ನಿದ್ದೆ ಹಾರಿತು. ಆಕಾಶ ನೋಡಿ ನೋಡಿ ಕುತ್ತಿಗೆ ಉಳುಕಿತು. ಕೆಲಸಕ್ಕೆ ಬರುವಾಗ ದಾರಿಯುದ್ದಕ್ಕೂ ಮೋಡವನ್ನು ಬೈದುಕೊಂಡು ಬರುತ್ತಿದ್ದೆ. ಅಷ್ಟು ದಿನ ಸುಮ್ಮನೆ ಬಿಸಿಲು ಎಂದಿದ್ದದ್ದು ಈಗ ನನ್ನ ಮಾತನ್ನು ಸುಳ್ಳು ಮಾಡುವ ಬಿಸಿಲಾಗಿತ್ತು.

ಮೇಷ್ಟ್ರು ಮತ್ತೆ ನಮ್ಮೂರಿಗೆ ಹೋಗೋಣ ಎಂದರು. ಅಪ್ಪನ ಎದುರು ಕೂತು ನೇರವಾಗಿ ಕೇಳಿದರು, ನಾನು ನಡುವೆ ತರ್ಜುಮೆಗಾರ.

"ಇವರು ಕೇಳ್ತಾವ್ರೆ ಕಣಪ್ಪ, ರೋಹಿಣಿ ಯಾವಾಗ ಅಂತ."

"ಯಾವಾಗ ಅಂದ್ರೆ? ಆಗ್ಲೇ ನಡೀತಾ ಐತಲ್ಲ. ಅರ್ಧ ಕಳೀತಾ ಬಂತು."

ಮೇಷ್ಟ್ರು ಆಕಾಶದ ಕಡೆ ಕೈ ಮಾಡಿದರು. "ಮಳೆ ಇಲ್ಲ."

"ಮಳೆ ಇಲ್ದಿದ್ರೇನು ಸ್ವಾಮಿ? ಈ ಹದ್ನೈದು ದಿನ ರೋಣಿ ಮಳೇದೇ. ಬಂದ್ರೂ ಅದ್ರದೇ, ಬರದಿದ್ರೂ ಅದ್ರದೇ. ಇನ್ನೊಂದು ಮಳೆ ಈ ಜಾಗದಾಗೆ ಬಂದು ಕುಂತ್ಕಳಾಕಿಲ್ಲ."

"ಬರದೇ ಇರುವ ಮಳೆ, ಇದೆ ಅಂತ ಹೇಗೆ ಹೇಳೋದು?"

ಅಪ್ಪ ನನ್ನ ಕಡೆ ಬೆರಳು ತೋರಿಸಿದ. "ಇವ್ನು ಒಂದ್ ದಿನಾನಾದ್ರೂ ಮನೇಲಿರ್ತಾನಾ? ಅಂಗಂತ ನಂಗೆ ಮಗ ಇಲ್ಲ ಅಂದ್ಬುಡ್ಲಾ?"

ನಾನು ತರ್ಜುಮೆ ಮಾಡದೆ ಬಿಡಬಹುದಿತ್ತು, ಮಾಡಿದೆ. ಮೇಷ್ಟ್ರು ಪುಸ್ತಕ ತೆಗೆದು ಮಳೆಗಳ ಹೆಸರಿದ್ದ ಹಿಂದಿನ ಹಾಳೆ ನೋಡಿದರು. ವಾಪಸ್ ಬರುವಾಗ ಕ್ಯಾರಿಯರ್ ಮೇಲಿಂದ ಒಮ್ಮೆ ಮಾತ್ರ, "ನಮ್ಮ ಪುಸ್ತಕದಲ್ಲಿ ಇರುವುದೆಲ್ಲ ಕಂಡದ್ದರ ಹೆಸರು" ಎಂದರು. ಕಾಣದ ಮಳೆಯ ಹೆಸರು ಬರೆದು ಕಳಿಸಿದರೆ ಕೂಟದವರು ಇದು ಋತುವಲ್ಲ, ಪದ್ಯ ಲೆಕ್ಕಕ್ಕಿಲ್ಲ ಎಂದುಬಿಡಬಹುದು. ತಂದೆಯ ಜಾಗ ಹೋಗುತ್ತದೆ. ಹಾಗಾಗಿ ಕಾಯಬೇಕು. ಕಾಯುವುದೆಂದರೆ ನನಗೆ ಮೈಮೇಲೆ ಚೇಳು ಬಿಟ್ಟ ಹಾಗೆ.

ಕೊನೆಯ ಭಾನುವಾರ ಬಂತು. ಸೋಮವಾರದ ವಿಮಾನದ ಟಪಾಲು ತಪ್ಪಿದರೆ ಗಡುವು ದಾಟುತ್ತಿತ್ತು. ಶನಿವಾರವೇ ಚಾರ್ಜ್‌ಮನ್ ನನ್ನನ್ನು ಮೂಲೆಗೆ ಎಳೆದುಕೊಂಡರು.

"ಲೇ ಮಗಾ, ಆ ಮನುಷ್ಯ ಒಂದು ಪದ್ಯ ಬರೀದಿದ್ರೆ ನಮ್ಮ ಸೆಕ್ಷನ್ ಉದ್ಧಾರ ಆಗಲ್ಲ ಕಣೋ. ಏನಾದ್ರೂ ಮಾಡು. ನೀನೇ ತಾನೇ ದೊಡ್ಡ ಉಪಾಯಗಾರ?"

"ಅಣ್ಣಾ, ಮಳೆ ತರಿಸ್ಬೇಕು ಅಷ್ಟೇ ತಾನೇ? ನಿಮ್ಗೆ ಗುಡುಗೋಕೆ ಬರುತ್ತಾ?"

ಭಾನುವಾರ ಮಟಮಟ ಮಧ್ಯಾಹ್ನ ನಾನು ಮೇಷ್ಟ್ರ ಮನೆಯ ತಾರಸಿ ಹತ್ತಿದೆ. ಅಲ್ಲಿ ನೀರಿನ ಸಿಮೆಂಟು ತೊಟ್ಟಿ. ನನ್ನ ಕೈಯಲ್ಲಿ ದ್ರಾಕ್ಷಿ ಸಸಿಗೆ ನೀರು ಹನಿಸುವ, ತೂತುಮೂತಿಯ ದೊಡ್ಡ ಡಬ್ಬ. ಹಿತ್ತಲಿನಲ್ಲಿ ಚಾರ್ಜ್‌ಮನ್, ಅವರ ಕೈಯಲ್ಲಿ ಒಂದು ತಗಡಿನ ಹಾಳೆ. ನಾನು ಸನ್ನೆ ಮಾಡಿದೆ. ಅವರು ತಗಡನ್ನು ಅಲುಗಿಸಿದರು. ನಿಜ ಹೇಳುತ್ತೇನೆ, ಅಂಥ ಗುಡುಗನ್ನು ದೇವರೂ ಮಾಡಿಲ್ಲ. ನಲವತ್ತು ಷಟ್ಪದಿ ಹಾಡಿದ ಗಂಟಲಿಗಿಂತ ಅವರ ತೋಳಿನಲ್ಲೇ ಹೆಚ್ಚು ಕಾವ್ಯವಿತ್ತು. ಪಕ್ಕದ ಮನೆಯ ನಾಯಿ ಬೊಗಳಿತು. ಬಾಗಿಲು ತೆರೆಯಿತು. ಮೇಷ್ಟ್ರು ಬರಿಗಾಲಿನಲ್ಲಿ ಓಡಿಬಂದು ಅಂಗಳದಲ್ಲಿ ಕೊಡೆ ಬಿಚ್ಚಿದರು. ನಾನು ಮೇಲಿಂದ ಹನಿಸಿದೆ.

ಕೊಡೆಯ ಮೇಲೆ ಪಟಪಟ ಎಂದು ಸದ್ದು. ಅವರು ಕೈ ಹೊರಗೆ ಚಾಚಿದರು. ಅಂಗೈಯಲ್ಲಿ ನೀರು ಹಿಡಿದರು. ಮೂಸಿದರು. ತಲೆ ಎತ್ತಲಿಲ್ಲ.

"ಮೀಸೆ-ಸಾನ್."

ನಾನು ತೊಟ್ಟಿಯ ಹಿಂದೆ ಬಗ್ಗಿದೆ.

"ಈ ಮಳೆ ಬಿಸಿ ಇದೆ."

"ಬೇಸಿಗೆ ಮಳೆ ಸಾರ್, ಬಿಸಿನೇ ಇರುತ್ತೆ," ಎಂದು ಮೇಲಿಂದ ಕೂಗಿದೆ. ಇನ್ನೇನು ಹೇಳಲಿ?

"ಬ್ಲೀಚಿಂಗ್ ಪೌಡರ್ ವಾಸನೆ."

"ಮೋಡ ಹೆಸರಘಟ್ಟದ ಕೆರೆಯಿಂದ ಬಂದಿರೋದು ಸಾರ್. ಅಲ್ಲಿಂದ ನಲ್ಲಿಗೂ ಅದೇ ನೀರು."

ಹಿತ್ತಲಿನಲ್ಲಿ ಚಾರ್ಜ್‌ಮನ್ನರ ಕೈಯಿಂದ ತಗಡು ಜಾರಿ ಬಿತ್ತು. ಬೇಡದ ಹೊತ್ತಿನಲ್ಲಿ ಎರಡನೆಯ ಗುಡುಗು. ಮೇಷ್ಟ್ರು ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಒದ್ದೆ ಕೊಡೆಯನ್ನು ತಲೆಕೆಳಗಾಗಿ, ಹಿಡಿಕೆ ಮೇಲೆ ಮಾಡಿ ಅಂಗಳದ ನಡುವೆ ಒಣಗಲು ಇಟ್ಟು, ಮೆಟ್ಟಿಲ ಮೇಲೆ ಹೋಗಿ ಕೂತರು.

ನಾನು ಕೆಳಗಿಳಿದೆ. ಚಾರ್ಜ್‌ಮನ್ ತಗಡನ್ನು ಕಂಕುಳಲ್ಲಿಟ್ಟುಕೊಂಡು, "ನಾನು ಇಲ್ಲಿಗೆ ಬಂದೇ ಇಲ್ಲಪ್ಪ, ಏನಿದ್ರೂ ನೀನುಂಟು ಅವರುಂಟು" ಎಂದು ಗೇಟಿನಾಚೆ ಮಾಯವಾದರು. ನನಗೂ ಓಡಿಹೋಗುವ ಮನಸ್ಸು, ಸೈಕಲ್ಲು ಗೋಡೆಗೆ ಒರಗಿತ್ತು. ಯಾಕೋ ಮೇಷ್ಟ್ರ ಪಕ್ಕದ ಮೆಟ್ಟಿಲ ಮೇಲೆ ಕೂತೆ. ಕಾಲು ತಾನಾಗಿ ಕುಣಿಯತೊಡಗಿತು. ಅದನ್ನು ಕೈಯಿಂದ ಒತ್ತಿ ಹಿಡಿದರೆ ಇನ್ನೊಂದು ಕಾಲು ಶುರುಮಾಡಿತು. ನನ್ನ ಬಾಯಿಗೆ ಮಾತು ಬರದೇ ಹೋದದ್ದು ಅಂದೇ ಮೊದಲು, ಕೊನೆಯೂ ಅಂದೇ.

ಕೊಡೆಯ ನೀರು ಬಹಳ ಬೇಗ ಆರಿತು. ಮೊದಲು ಅಂಚು, ಆಮೇಲೆ ಒಳಗಿನ ಗುಳಿ. ಸ್ವಲ್ಪ ಗಾಳಿ ಬೀಸಿದಾಗ ಅದು ನಿಧಾನವಾಗಿ ಅರ್ಧ ಸುತ್ತು ತಿರುಗಿ ನಿಂತಿತು. ಕರಿ ಬಟ್ಟೆಯ ಆ ದೊಡ್ಡ ಬೋಗುಣಿಯೊಳಗೆ ಬಿಸಿಲು ಬಿದ್ದಿತ್ತು, ಅಂಚಿನ ತನಕ. ಮೇಷ್ಟ್ರು ಅದನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ನೋಡುವುದಕ್ಕೆ ಅಲ್ಲಿ ಬೇರೇನೂ ಇರಲಿಲ್ಲ.

ಅವರ ಹೆಬ್ಬೆರಳು ಒಳಕ್ಕೆ ಮಡಚಿಕೊಂಡಿತು. ಆಮೇಲೆ ತೋರುಬೆರಳು. ನಾನು ಅಲುಗಾಡಲಿಲ್ಲ. ಐದು, ಏಳು, ಐದು ಮುಗಿಯಿತು. ಅವರು ಎದ್ದು ಹೋಗಿ ಕೊಡೆ ಮಡಚಿ ಒಳಗಿಟ್ಟು ಬಂದು, ತಮ್ಮ ಭಾಷೆಯಲ್ಲಿ ಆ ಪದ್ಯವನ್ನು ಎರಡು ಸಲ ಹೇಳಿದರು. ಅದರಲ್ಲಿ ನನಗೆ ತಿಳಿದದ್ದು 'ರೋಹಿಣಿ' ಒಂದೇ.

ಅರ್ಥ ಬಿಡಿಸಿ ಹೇಳಿದ ಮೇಲೆ ಕನ್ನಡಕ್ಕೆ ತಂದವನು ನಾನು. ಮೊದಲ ಸಲ, ಕಾದು ಕಾದು ಬೇಸತ್ತೆ ಎಂದು ಸೇರಿಸಿದ್ದೆ. ಅವರು ಒಪ್ಪಲಿಲ್ಲ. "ಬೇಸರ ಅಂತ ನಾನು ಹೇಳಿಲ್ಲ. ಕೊಡೆ ಅಂತ ಹೇಳಿದೆ." ಎರಡನೆಯ ಸಲ 'ಸುಡು ಬಿಸಿಲು' ಮಾಡಿದೆ. ಸುಡುವುದನ್ನೂ ತೆಗೆಸಿದರು. ಒಂದೊಂದೇ ಕಿತ್ತು ಕಿತ್ತು ಕೊನೆಗೆ ಉಳಿದದ್ದು:

ರೋಹಿಣಿ ಮಳೆ
ಕೊಡೆ ತುಂಬ ಬಿಸಿಲು
ಮಡಚಿ ಇಟ್ಟೆ

ಎಣಿಸಿ ನೋಡಿ ಬೇಕಾದರೆ. ಬೆರಳು ಮಡಚಿಯೋ, ಗೆರೆ ಮುಟ್ಟಿಯೋ, ನಿಮ್ಮಿಷ್ಟ. ಮೊದಲ ಸಾಲಿಗೂ ಎರಡನೆಯದಕ್ಕೂ ನಡುವೆ ಆ ಕೂದಲೆಳೆಯ ಜಾಗವಿದೆ. ಇಡೀ ಹದಿನೈದು ದಿನದ ನಮ್ಮ ಒದ್ದಾಟ ಅಲ್ಲಿ ತಿರುಗುತ್ತಿದೆ, ಆದರೆ ಕಾಣುವುದಿಲ್ಲ. ನನ್ನ ತೊಟ್ಟಿ ನೀರೂ ಅಲ್ಲಿಲ್ಲ. ನಾನು ತಾರಸಿ ಹತ್ತದಿದ್ದರೆ ಕೊಡೆ ಒದ್ದೆಯಾಗುತ್ತಿರಲಿಲ್ಲ, ಒದ್ದೆಯಾಗದಿದ್ದರೆ ಒಣಗಲು ಇಡುತ್ತಿರಲಿಲ್ಲ ಎಂಬುದನ್ನು ಮಾತ್ರ ದಯವಿಟ್ಟು ಗಮನಿಸಿ. ಕಾವ್ಯಕ್ಕೆ ಇಷ್ಟು ಸೇವೆ ಮಾಡಿದವನಿಗೆ ಒಂದು ಶಾಲನ್ನೂ ಯಾರೂ ಹೊದಿಸಿಲ್ಲ.

ಸೋಮವಾರ ಬೆಳಿಗ್ಗೆ ಪೋಸ್ಟಾಫೀಸಿನ ಬಾಗಿಲು ತೆರೆಯುವ ಮೊದಲೇ ನಾವು ಅಲ್ಲಿದ್ದೆವು. ಪದ್ಯದ ಕೆಳಗೆ ಮೇಷ್ಟ್ರು ಒಂದು ಟಿಪ್ಪಣಿ ಬರೆದಿದ್ದರು: ಈ ಸೀಮೆಯಲ್ಲಿ ಮಳೆ ಬಾರದಿದ್ದರೂ ಅದರ ಕಾಲಕ್ಕೆ ಅದರದೇ ಹೆಸರು, ಮನೆಯಲ್ಲಿ ನಿಲ್ಲದ ಮಗನ ಹಾಗೆ. ಲಕೋಟೆಯನ್ನು ಡಬ್ಬಿಯ ಬಾಯಲ್ಲಿ ಹಿಡಿದು ಬಹಳ ಹೊತ್ತು ನಿಂತರು. "ಅವರು ಒಪ್ಪದಿದ್ದರೆ?" ಎಂದರು.

"ಒಪ್ಪದಿದ್ರೆ ಹೇಳಿ ಸಾರ್, ನಾನೇ ಬಂದು ಆ ಕಿಟಕಿ ಪಕ್ಕ ಕೂತ್ಕೋತೀನಿ. ನನ್ನನ್ನ ಎಬ್ಬಿಸೋಕೆ ಯಾರ ಕೈಲಾಗುತ್ತೋ ನೋಡೋಣ."

"ನೀನು? ಕೂತ್ಕೋತೀಯ?" ಎಂದು ಲಕೋಟೆಯನ್ನು ಒಳಗೆ ಬಿಟ್ಟರು.

ಮೃಗಶಿರ ಶುರುವಾಗಿ ಎರಡನೆಯ ದಿನಕ್ಕೆ ಮಳೆ ಕೊಡಗಟ್ಟಲೆ ಸುರಿಯಿತು. ನಾಚಿಕೆಯಿಲ್ಲದ ಮಳೆ. ಯಶವಂತಪುರದ ರಸ್ತೆಯಲ್ಲಿ ಮೊಣಕಾಲುದ್ದ ನೀರು. ಈಗ ಬರೀರಿ ಸಾರ್ ಎಂದರೆ ಮೇಷ್ಟ್ರು ಬರೆಯಲಿಲ್ಲ. ಉತ್ತರ ಬರಲಿ ಎಂದರು. ನಾನು ದಿನಾ ಬೆಳಿಗ್ಗೆ ಅವರ ಮುಖ ನೋಡುವುದು, ಅವರು ತಲೆ ಅಲ್ಲಾಡಿಸುವುದು. ಪೋಸ್ಟ್‌ಮನ್ನನ್ನು ಅರ್ಧ ದಾರಿಯಲ್ಲೇ ಅಡ್ಡಗಟ್ಟಿ ಅವನ ಚೀಲಕ್ಕೆ ಕೈಹಾಕಲು ಹೋಗಿ ಬೈಸಿಕೊಂಡೆ. ಚಾರ್ಜ್‌ಮನ್ ಕೂಡ, "ಏನ್ ಸಮಾಚಾರ, ಜಾಗ ಉಳೀತಾ?" ಎಂದು ಕೇಳುವರು. ಅವರು ಆ ವಿಷಯದ ಮೇಲೆ ಒಂದು ಷಟ್ಪದಿ ಶುರುಮಾಡಿದ್ದರು. ಕೊನೆ ಗೊತ್ತಿಲ್ಲದೆ ಮುಗಿಸುವ ಹಾಗಿರಲಿಲ್ಲ.

ಆರಿದ್ರ ಮಳೆ ಜಿಟಿಜಿಟಿ ಹಿಡಿದಿದ್ದ ಒಂದು ಸಂಜೆ ಉತ್ತರ ಬಂತು. ಮೇಷ್ಟ್ರು ನನ್ನ ಮುಂದೆಯೇ ಒಡೆದರು. ಒಳಗೆ ಅವರದೇ ಪದ್ಯದ ಹಾಳೆ ವಾಪಸ್ ಬಂದಿತ್ತು. ಹೋಯಿತು ಜಾಗ ಎಂದುಕೊಂಡೆ. ಆಮೇಲೆ ನೋಡಿದರೆ ಪದ್ಯದ ನೆತ್ತಿಯ ಮೇಲೆ ಕೆಂಪು ಮಸಿಯಲ್ಲಿ ಒಂದು ಸೊನ್ನೆ, ಸ್ವಲ್ಪ ನಡುಗಿದ ಕೈಯದು.

"ಸೊನ್ನೆನಾ ಸಾರ್? ಸೊನ್ನೆ ಕೊಟ್ಟವ್ನಾ ಆ ಮುದುಕಪ್ಪ?"

"ನಮ್ಮಲ್ಲಿ ಅದು ಒಪ್ಪಿಗೆ," ಎಂದರು ಮೇಷ್ಟ್ರು. ಹಾಳೆಯನ್ನು ಮಂಡಿಯ ಮೇಲೆ ಹರಡಿಕೊಂಡು ಅಂದರು: "ಜಾಗ ಉಳಿಯಿತು."

ಸೊನ್ನೆಯ ಕೆಳಗೆ ಗುರುವಿನ ಕೈಬರಹದಲ್ಲಿ ಒಂದು ಸಾಲು ಇತ್ತು. ಮೇಷ್ಟ್ರು ಅದನ್ನು ಓದಿ, ಮತ್ತೆ ಓದಿ, ನನ್ನನ್ನು ಕೇಳಿದರು. "ಗುರುಗಳ ಪ್ರಶ್ನೆ. ಈ ರೋಹಿಣಿ ಬಂದೇ ಬಂದರೆ, ಆಗ ಅದನ್ನು ಜನ ಏನಂತ ಕರೆಯುತ್ತಾರೆ?"

"ಬಂದ್ರೆ ಎಲ್ಲಿ ಸಾರ್ ಹೆಸರು ಹಿಡಿದು ಕರೆಯೋದು? 'ಬಟ್ಟೆ ಒಳಗೆ ತಗೊಳ್ರೋ' ಅಂತ ಕೂಗ್ತಾರೆ ಅಷ್ಟೇ."

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಕಾಗದ ತೆಗೆದು ನಾನಂದದ್ದನ್ನು ಹಾಗೇ ಬರೆದುಕೊಂಡರು. ನಾನು ಹೊರಡಲು ಎದ್ದೆ. ಬಾಗಿಲಲ್ಲಿ ತಿರುಗಿ ನೋಡಿದರೆ ಅವರು ಆಗಲೇ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಆಚೆ ಆರಿದ್ರ ಸುರಿಯುತ್ತಿತ್ತು, ಒಂದು ಬೆರಳು ಒಳಕ್ಕೆ ಮಡಚಿಕೊಂಡಿತ್ತು.